ದೀಪ ಹತ್ತಿದರೆ ಇಂಜೆಕ್ಟರೇ ಕೆಟ್ಟಿತೆ?

ಕಬ್ಬಿನ ಸುಗ್ಗಿಯ ದಿನಗಳು. ರಾಮದುರ್ಗ ತಾಲ್ಲೂಕಿನ ಕಟಕೋಳದ ಹತ್ತಿರ ರಸ್ತೆಯ ಬದಿಗೆ ಕಬ್ಬು ಹೇರಿದ ಲಾರಿಯೊಂದು ನಿಂತಿದೆ ಎಂದು ಕಲ್ಪಿಸಿಕೊಳ್ಳಿ. ಆರು ಸಿಲಿಂಡರಿನ ಡೀಸೆಲ್ ಎಂಜಿನ್. ಅದು ಪೂರ್ತಿ ನಿಂತಿಲ್ಲ, ಓಡುತ್ತಲೇ ಇದೆ. ಆದರೆ ಮೈಯೆಲ್ಲ ನಡುಗುತ್ತಿದೆ, ಏರು ಬಂದರೆ ಎಳೆಯುವುದಿಲ್ಲ. ಚಾಲಕರ ಮಾತಿನಲ್ಲಿ ಹೇಳುವುದಾದರೆ ‘ಮಿಸ್ಸಿಂಗ್ ಹೊಡೀತೈತಿ’. ಮುಂದಿನ ಫಲಕದಲ್ಲಿ ಹಳದಿ ದೀಪ ಹತ್ತಿದೆ. ರಾಮದುರ್ಗದಿಂದ ಬಂದ ಮೇಸ್ತ್ರಿ ತಮ್ಮ ಸ್ಕ್ಯಾನರ್ ಜೋಡಿಸಿ ನೋಡುತ್ತಾರೆ. ಪರದೆಯ ಮೇಲೆ 651, ಅದರ ಪಕ್ಕದಲ್ಲಿ 5 ಎಂಬ ಅಂಕಿಗಳು. ಕೆಳಗೆ ‘ಒಂದನೇ ಸಿಲಿಂಡರ್, ಇಂಜೆಕ್ಟರ್ ಸರ್ಕ್ಯೂಟ್’ ಎಂಬ ಬರಹ.

“ಅಣ್ಣಾರ, ಒಂದನೇ ನಂಬರ್ ಇಂಜೆಕ್ಟರ್ ಹೋಗೇತ್ರಿ. ಹೊಸಾದು ತರಸಬೇಕ್ರಿ” ಎನ್ನುತ್ತಾರೆ ಮೇಸ್ತ್ರಿ.

ಕಡಿದ ಕಬ್ಬು ಬಿಸಿಲಲ್ಲಿ ನಿಂತಷ್ಟೂ ಒಣಗಿ ತೂಕ ಕಳೆದುಕೊಳ್ಳುತ್ತದೆ. ಅದರೊಳಗಿನ ಸಕ್ಕರೆಯ ಅಂಶವೂ ಕೆಡುತ್ತಾ ಹೋಗುತ್ತದೆ. ಇತ್ತ ಹೊಸ ಇಂಜೆಕ್ಟರಿಗೆ ಹಲವು ಸಾವಿರ ರೂಪಾಯಿ. ಅದನ್ನು ತರಲು ಒಂದು ದಿನ, ಕೂಡಿಸಲು ಅರ್ಧ ದಿನ. ಇಷ್ಟೆಲ್ಲ ಆದ ಮೇಲೆ ಅದೇ ದೀಪ ಮತ್ತೆ ಹತ್ತಿ, ಅದೇ 651–5 ಮತ್ತೆ ಬಂದರೆ? ಹೀಗಾಗುವುದು ಅಪರೂಪವಲ್ಲ. ಏಕೆಂದರೆ ಆ ಸಂಖ್ಯೆ ಇಂಜೆಕ್ಟರ್ ಕೆಟ್ಟಿದೆ ಎಂದು ಹೇಳಿಯೇ ಇಲ್ಲ. ಇಂಜೆಕ್ಟರಿನ ‘ವಿದ್ಯುನ್ಮಂಡಲ’ದಲ್ಲಿ ದೋಷವಿದೆ ಎಂದಷ್ಟೇ ಹೇಳಿದೆ. ಈ ಎರಡು ಮಾತುಗಳ ನಡುವಿನ ಅಂತರವೇ ಇಂದಿನ ಭಾಷಣದ ವಿಷಯ. ನೀವು ಪ್ರೌಢಶಾಲೆಯಲ್ಲಿ ಓದಿದ ಓಮನ ನಿಯಮಕ್ಕಿಂತ ಹೆಚ್ಚಿನ ಗಣಿತ ಇದಕ್ಕೆ ಬೇಕಾಗುವುದಿಲ್ಲ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ರುಡಾಲ್ಫ್ ಡೀಸೆಲನ ಎಂಜಿನ್ ಯಶಸ್ವಿಯಾಗಿ ಓಡಿದ್ದು 1897ರಲ್ಲಿ. ಅದನ್ನು ಲಾರಿಗೆ ಹೊಂದಿಸಲು ಬೇಕಾಗಿದ್ದ ಇಂಧನದ ಪಂಪನ್ನು ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ನಮ್ಮ ನಾಡಿಗೆ ಆ ವಿದ್ಯೆ ಬಂದದ್ದು 1951ರಲ್ಲಿ ಆರಂಭವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಮೂಲಕ. ಬೆಂಗಳೂರಿನ ಆಡುಗೋಡಿಯಲ್ಲಿ ಅದರ ಕಾರ್ಖಾನೆ ಇತ್ತು. ಜನ ಅದನ್ನು ಮೈಕೋ ಎಂದೇ ಕರೆದರು. ಬೆಂಗಳೂರಿನ ಮೈಕೋ ಬಡಾವಣೆಗೆ ಹೆಸರು ಬಂದದ್ದು ಅಲ್ಲಿಂದಲೇ. 2008ರಲ್ಲಿ ಆ ಕಂಪನಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಆದರೆ ಹಳೆಯ ಮೇಸ್ತ್ರಿಗಳ ಬಾಯಲ್ಲಿ ‘ಮೈಕೋ ಪಂಪ್’ ಇನ್ನೂ ಉಳಿದಿದೆ.

ಆ ಪಂಪಿನ ಎಂಜಿನ್ನಿನಲ್ಲಿ ಇಂಧನ ಸಿಂಪಡಿಸುವ ಕೆಲಸಕ್ಕೆ ವಿದ್ಯುತ್ತೇ ಬೇಡ. ಪಂಪು ಡೀಸೆಲನ್ನು ಒತ್ತುತ್ತದೆ; ಒತ್ತಡ ಸುಮಾರು 200 ಬಾರ್ ಮುಟ್ಟಿದಾಗ ನಾಝಲ್ ತಾನಾಗಿಯೇ ತೆರೆದುಕೊಳ್ಳುತ್ತದೆ. ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ವಾಯುಮಂಡಲದ ಒತ್ತಡ. ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಲು ಮೇಸ್ತ್ರಿ ಎಂಜಿನ್ ಓಡುತ್ತಿರುವಾಗಲೇ ಒಂದೊಂದು ಪೈಪಿನ ನಟ್ಟನ್ನು ಸ್ವಲ್ಪ ಸಡಿಲಿಸುತ್ತಿದ್ದರು. ಸಡಿಲಿಸಿದಾಗ ಎಂಜಿನ್ನಿನ ಸದ್ದು ಬದಲಾದರೆ ಆ ಸಿಲಿಂಡರ್ ಸರಿ. ಬದಲಾಗದಿದ್ದರೆ ಅದೇ ಕಳ್ಳ. ಎಷ್ಟು ಸರಳ, ಎಷ್ಟು ಚಂದದ ಪರೀಕ್ಷೆ! ಕಿವಿಯೇ ಸ್ಕ್ಯಾನರ್.

ಇಂದು ಅದೇ ಪರೀಕ್ಷೆ ಕೈಯನ್ನೇ ಬಲಿ ತೆಗೆದುಕೊಳ್ಳಬಹುದು. ಅದು ಹೇಗೆಂದು ನೋಡೋಣ.

ಹೊಗೆಯನ್ನು ತಗ್ಗಿಸುವ ಕಾನೂನುಗಳು ಬಿಗಿಯಾದಂತೆ ಇಂಧನವನ್ನು ಬಹಳ ಸೂಕ್ಷ್ಮವಾಗಿ, ಸರಿಯಾದ ಕ್ಷಣಕ್ಕೆ, ಸರಿಯಾದ ಪ್ರಮಾಣದಲ್ಲಿ ಸಿಂಪಡಿಸಬೇಕಾಯಿತು. ಅಮೆರಿಕದಲ್ಲಿ ಭಾರೀ ಡೀಸೆಲ್ ಎಂಜಿನ್ನಿಗೆ ಎಲೆಕ್ಟ್ರಾನಿಕ್ ಹತೋಟಿ 1985ರಲ್ಲಿಯೇ ಬಂತು. 1995ರಲ್ಲಿ ಜಪಾನಿನ ಲಾರಿಗಳಲ್ಲಿ ‘ಕಾಮನ್ ರೈಲ್’ ಬಳಕೆಗೆ ಬಂತು. ನಮ್ಮಲ್ಲಿ ಭಾರತ್ ಸ್ಟೇಜ್ 4ರ ನಿಯಮ 2017ರ ಏಪ್ರಿಲ್ 1ರಂದು, ಭಾರತ್ ಸ್ಟೇಜ್ 6ರ ನಿಯಮ 2020ರ ಏಪ್ರಿಲ್ 1ರಂದು ದೇಶಕ್ಕೆಲ್ಲ ಜಾರಿಯಾದವು. ಇವೆರಡರ ನಡುವೆ ಹೊಸ ಲಾರಿಗಳಿಂದ ಹಳೆಯ ಪಂಪು ಮರೆಯಾಯಿತು. ಪಂಪು ಬಿಚ್ಚಿ ಕೂಡಿಸುವುದರಲ್ಲಿ ಪಳಗಿದ ಕೈಗಳ ಮುಂದೆ ಈಗ ತಂತಿಗಳ ಗೊಂಚಲು ಬಂದು ಕುಳಿತಿದೆ.

ಕಾಮನ್ ರೈಲ್ ಎಂದರೆ ಎಲ್ಲ ಇಂಜೆಕ್ಟರುಗಳಿಗೂ ಸೇರಿ ಒಂದೇ ದಪ್ಪ ಉಕ್ಕಿನ ಕೊಳವೆ. ಅದರಲ್ಲಿ ಡೀಸೆಲ್ ಸದಾ ಒತ್ತಡದಲ್ಲಿ ಕಾದು ನಿಂತಿರುತ್ತದೆ. ಎಂಜಿನ್ ಭಾರ ಎಳೆಯುವಾಗ ಆ ಒತ್ತಡ 1600 ಬಾರ್ ಅಥವಾ ಅದಕ್ಕೂ ಮೇಲೆ ಹೋಗುತ್ತದೆ. ಇಂಥ ಪೈಪಿನ ನಟ್ಟನ್ನು ಓಡುವ ಎಂಜಿನ್ನಿನಲ್ಲಿ ಸಡಿಲಿಸಿದರೆ ಚಿಮ್ಮುವ ಸಣ್ಣ ಧಾರೆ ಚರ್ಮವನ್ನು ಸೂಜಿಯಂತೆ ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಮುಳ್ಳು ಚುಚ್ಚಿದಂಥ ಒಂದು ಚುಕ್ಕೆ ಮಾತ್ರ, ಮೊದಲಿಗೆ ನೋವೂ ಹೆಚ್ಚಿರುವುದಿಲ್ಲ. ಒಳಗೆ ಮಾತ್ರ ಡೀಸೆಲ್ ಮಾಂಸವನ್ನು ಕೊಳೆಸುತ್ತಾ ಹೋಗುತ್ತದೆ. ‘ಏನಾಗಲ್ಲ ಬಿಡು’ ಎಂದು ಅರಿಷಿಣ ಹಚ್ಚಿಕೊಂಡು ಮನೆಗೆ ಹೋಗುವ ಗಾಯವಲ್ಲ ಇದು. ಆ ತಾಸಿನಲ್ಲೇ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆ ಸೇರಬೇಕು. ಸೋರಿಕೆ ಹುಡುಕುವಾಗಲೂ ಕೈ ಆಡಿಸಬಾರದು, ದೂರದಿಂದ ಒಂದು ರಟ್ಟಿನ ತುಂಡನ್ನು ಹಿಡಿಯಬೇಕು. ಹಳೆಯ ನಟ್ಟು ಸಡಿಲಿಸುವ ಪರೀಕ್ಷೆಯನ್ನು ಈಗ ಸ್ಕ್ಯಾನರಿನಿಂದಲೇ ಮಾಡಬಹುದು. ಒಂದೊಂದು ಸಿಲಿಂಡರಿನ ವಿದ್ಯುತ್ ಆದೇಶವನ್ನು ನಿಲ್ಲಿಸಿ ಎಂಜಿನ್ನಿನ ವೇಗ ಎಷ್ಟು ತಗ್ಗಿತು ಎಂದು ಅದು ತೋರಿಸುತ್ತದೆ. ತತ್ತ್ವ ಅದೇ, ಸ್ಪಾನರ್ ಮಾತ್ರ ಬೇಡ.

ಈಗ ಇಂಜೆಕ್ಟರಿನ ಒಳಗೆ ಇಣುಕೋಣ. ಅದರ ತಲೆಯಲ್ಲಿ ತಾಮ್ರದ ಒಂದು ಸುರುಳಿ ಇದೆ. ಅದರಲ್ಲಿ ವಿದ್ಯುತ್ ಹರಿದಾಗ ಅದು ಅಯಸ್ಕಾಂತವಾಗಿ ಒಂದು ಪುಟ್ಟ ಕವಾಟವನ್ನು ಎತ್ತುತ್ತದೆ. ಇಂಧನ ಬಿಡುವ ಸೂಜಿಯನ್ನೇ ನೇರವಾಗಿ ಎತ್ತುವಷ್ಟು ಶಕ್ತಿ ಆ ಸುರುಳಿಗಿಲ್ಲ. ಕವಾಟ ತೆರೆದಾಗ ಸೂಜಿಯ ಮೇಲಿನ ಒತ್ತಡ ಇಳಿಯುತ್ತದೆ, ಕೆಳಗಿನ ಡೀಸೆಲಿನ ಒತ್ತಡವೇ ಸೂಜಿಯನ್ನು ಮೇಲೆತ್ತುತ್ತದೆ. ಇದೆಲ್ಲ ಒಂದೆರಡು ಮಿಲಿಸೆಕೆಂಡುಗಳಲ್ಲಿ ಮುಗಿಯಬೇಕು. ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುವಾಗ ಒಂದು ಮಿಲಿಸೆಕೆಂಡಿನಲ್ಲಿ ಅದರ ಕ್ರ್ಯಾಂಕ್ 9 ಡಿಗ್ರಿ ತಿರುಗಿರುತ್ತದೆ. ನೀವೇ ಲೆಕ್ಕ ಹಾಕಿ ನೋಡಿ. ಸ್ವಲ್ಪ ತಡವಾದರೂ ಡೀಸೆಲ್ ತಪ್ಪು ಜಾಗದಲ್ಲಿ ಉರಿಯುತ್ತದೆ.

ಇಲ್ಲಿ ಒಂದು ತೊಡಕು. ಯಾವ ಸುರುಳಿಯೂ ತನ್ನಲ್ಲಿ ಪ್ರವಾಹ ಒಮ್ಮೆಲೇ ಏರುವುದನ್ನು ಒಪ್ಪುವುದಿಲ್ಲ. ಪ್ರೇರಣೆಯ ಪಾಠದಲ್ಲಿ ಇದನ್ನು ಓದಿದ್ದೀರಿ. ಪ್ರವಾಹ ಬೇಗ ಏರಬೇಕಾದರೆ ಹೆಚ್ಚು ವೋಲ್ಟ್ ಬೇಕು. ಲಾರಿಯ ಬ್ಯಾಟರಿಯಲ್ಲಿರುವುದು 24 ವೋಲ್ಟ್. ಆದ್ದರಿಂದ ಇಸಿಯು, ಅಂದರೆ ಎಂಜಿನ್ನನ್ನು ಆಳುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಅದನ್ನು ಅನೇಕ ಎಂಜಿನ್ನುಗಳಲ್ಲಿ 50ರಿಂದ 80 ವೋಲ್ಟಿನವರೆಗೆ ಏರಿಸಿ ಒಂದು ಕೆಪಾಸಿಟರಿನಲ್ಲಿ ತುಂಬಿಟ್ಟುಕೊಳ್ಳುತ್ತದೆ. ಕ್ಷಣ ಬಂದಾಗ ಅದನ್ನು ಸುರುಳಿಗೆ ಸುರಿಯುತ್ತದೆ. ಪ್ರವಾಹ ಸುಮಾರು 20 ಆಂಪಿಯರಿಗೆ ನೆಗೆಯುತ್ತದೆ. ಕವಾಟ ಎದ್ದ ಮೇಲೆ ಅದನ್ನು ಹಿಡಿದಿಡಲು ಅಷ್ಟು ಬೇಕಿಲ್ಲ, 12 ಆಂಪಿಯರಿನ ಆಸುಪಾಸು ಸಾಕು. ಅದನ್ನು ಬ್ಯಾಟರಿಯಿಂದ ಚೂರುಚೂರಾಗಿ ಕೊಡುತ್ತದೆ. ಬಂಡಿಯನ್ನು ಕೆಸರಿನಿಂದ ಎತ್ತಲು ನಾಲ್ಕು ಜನರ ಹೆಗಲು, ಆಮೇಲೆ ನಡೆಸಲು ಎರಡು ಎತ್ತು ಎಂಬಂತೆ.

ಈ ಸುರುಳಿಯ ರೋಧ ಬಹಳ ಕಡಿಮೆ. ಕಾಮನ್ ರೈಲ್ ಇಂಜೆಕ್ಟರುಗಳಲ್ಲಿ ಸಾಮಾನ್ಯವಾಗಿ ಅರ್ಧ ಓಮಿಗಿಂತ ಒಳಗೆ. 0.3 ಓಮ್ ಎಂದಿಟ್ಟುಕೊಂಡು, ‘ಕೆಲಸ ಮಾಡುತ್ತದೋ ನೋಡೋಣ’ ಎಂದು ಬ್ಯಾಟರಿಯ 24 ವೋಲ್ಟನ್ನು ನೇರವಾಗಿ ಕೊಟ್ಟರೆ ಏನಾದೀತು? 24ನ್ನು 0.3ರಿಂದ ಭಾಗಿಸಿ. 80 ಆಂಪಿಯರ್! ಸುರುಳಿ ಉಳಿಯುವುದಿಲ್ಲ. ಒಳ್ಳೆಯ ಇಂಜೆಕ್ಟರನ್ನು ಪರೀಕ್ಷೆಯ ಹೆಸರಿನಲ್ಲಿ ಸುಟ್ಟಂತಾಗುತ್ತದೆ.

ಇನ್ನೊಂದು ಮುಖ್ಯ ಸಂಗತಿ. ಹೆಡ್‌ಲೈಟಿನ ಬಲ್ಬಿಗೆ ಒಂದು ತಂತಿ ಬಂದು, ಇನ್ನೊಂದು ಕಡೆ ಗಾಡಿಯ ಮೈಗೇ ಅರ್ತ್ ಆಗುತ್ತದೆ. ಇಂಜೆಕ್ಟರಿನಲ್ಲಿ ಹಾಗಲ್ಲ. ಅದರ ಎರಡೂ ತಂತಿಗಳು ಇಸಿಯುವಿಗೇ ಹೋಗುತ್ತವೆ. ಮೇಲಿನ ಕಡೆ ಒಂದು ಸ್ವಿಚ್, ಕೆಳಗಿನ ಕಡೆ ಒಂದು ಸ್ವಿಚ್. ಎರಡೂ ಸೇರಿದಾಗ ಮಾತ್ರ ಪ್ರವಾಹ. ಈ ಎರಡರಲ್ಲಿ ಯಾವ ತಂತಿಯೂ ಎಂಜಿನ್ನಿನ ಮೈಯನ್ನು ಮುಟ್ಟಬಾರದು.

ಈಗ 651–5ಕ್ಕೆ ಬರೋಣ. ಭಾರೀ ವಾಹನಗಳಿಗಾಗಿ ಇರುವ ಅಂತರರಾಷ್ಟ್ರೀಯ ಸಂಕೇತ ಪದ್ಧತಿಯಲ್ಲಿ 651ರಿಂದ 656ರವರೆಗಿನ ಸಂಖ್ಯೆಗಳು ಒಂದರಿಂದ ಆರನೆಯ ಸಿಲಿಂಡರಿನ ಇಂಜೆಕ್ಟರುಗಳಿಗೆ ಮೀಸಲು. ಕೆಲವು ಗಾಡಿಗಳಲ್ಲಿ ಇದೇ ಅರ್ಥದಲ್ಲಿ ಪಿ0201ರಿಂದ ಪಿ0206ರವರೆಗೆ ಬರುತ್ತದೆ. ಪಕ್ಕದ ಸಂಖ್ಯೆಯನ್ನು ಬಹಳ ಜನ ಓದುವುದೇ ಇಲ್ಲ, ನನಗೆ ಅದೇ ಆಶ್ಚರ್ಯ. ಅರ್ಧ ಉತ್ತರ ಇರುವುದೇ ಅದರಲ್ಲಿ. 5 ಎಂದರೆ ಪ್ರವಾಹ ತೀರ ಕಡಿಮೆ, ಅಂದರೆ ದಾರಿ ಎಲ್ಲೋ ತುಂಡಾಗಿದೆ. 6 ಎಂದರೆ ಪ್ರವಾಹ ಮಿತಿಮೀರಿದೆ, ಅಂದರೆ ಎಲ್ಲೋ ಶಾರ್ಟ್ ಆಗಿದೆ ಅಥವಾ ಮೈಗೆ ತಾಗಿದೆ. 7 ಬಂದರೆ ದೋಷ ತಂತಿಯದಲ್ಲ, ಯಾಂತ್ರಿಕ ಭಾಗದ್ದು ಎಂಬ ಸೂಚನೆ.

ಇಸಿಯುವಿಗೆ ಕಣ್ಣಿಲ್ಲ. ಅದು ಬಲ್ಲದ್ದು ತನ್ನ ಬಾಗಿಲಲ್ಲಿ ಹಾಯ್ದುಹೋಗುವ ಪ್ರವಾಹವನ್ನು ಮಾತ್ರ. ಸ್ವಿಚ್ ಹಾಕಿದೆ, ಪ್ರವಾಹ ಏರಲಿಲ್ಲ; ‘651–5’ ಎಂದು ಬರೆದಿಟ್ಟಿತು. ದಾರಿ ಎಲ್ಲಿ ತುಂಡಾಯಿತು ಎಂಬುದು ಅದಕ್ಕೆ ತಿಳಿಯುವುದಿಲ್ಲ. ಆ ದಾರಿ ಎಷ್ಟುದ್ದ ನೋಡಿ. ಇಸಿಯುವಿನ ಪಿನ್ನು, ಅಲ್ಲಿಂದ ಎಂಜಿನ್ನಿನ ಮೈಮೇಲೆ ಹಾದು ಬರುವ ವೈರಿಂಗ್, ಸಿಲಿಂಡರ್ ಹೆಡ್ಡಿನ ಗೋಡೆಯಲ್ಲಿರುವ ಕಪ್ಲರ್, ಅನೇಕ ಎಂಜಿನ್ನುಗಳಲ್ಲಿ ಟ್ಯಾಪೆಟ್ ಕವರಿನ ಕೆಳಗೆ ಬಿಸಿ ಆಯಿಲಿನಲ್ಲಿ ತೊಯ್ಯುತ್ತಿರುವ ಒಳಗಿನ ವೈರಿಂಗ್, ಇಂಜೆಕ್ಟರಿನ ತಲೆಯ ಎರಡು ಪುಟ್ಟ ನಟ್ಟು, ಕೊನೆಗೆ ಸುರುಳಿ. ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ. ಇಷ್ಟು ಜಾಗಗಳಲ್ಲಿ ಎಲ್ಲಿ ತುಂಡಾದರೂ ಪರದೆಯ ಮೇಲೆ ಬರುವುದು ಅದೇ ಸಂಖ್ಯೆ. ಇಷ್ಟರಲ್ಲಿ ಇಂಜೆಕ್ಟರ್ ಒಂದು ತುಣುಕು ಮಾತ್ರ, ಅದೂ ಎಲ್ಲಕ್ಕಿಂತ ದುಬಾರಿಯ ತುಣುಕು.

ಇದರ ವಿರುದ್ಧವೂ ನಿಜ. ನಾಝಲ್ ಸವೆದು ಡೀಸೆಲ್ ತೊಟ್ಟಿಕ್ಕುತ್ತಿದ್ದರೂ ಸುರುಳಿ ಸರಿಯಿದ್ದರೆ ವಿದ್ಯುನ್ಮಂಡಲದ ಸಂಖ್ಯೆ ಬರುವುದೇ ಇಲ್ಲ.

ಹುಡುಕುವುದು ಹೇಗೆ? ಒಳ್ಳೆಯ ವೈದ್ಯರಂತೆ ಮೊದಲು ಕೇಳಬೇಕು. ಯಾವಾಗ ಶುರುವಾಯಿತು? ಎಂಜಿನ್ ಬಿಸಿಯಾದ ಮೇಲೆಯೇ? ತಗ್ಗುದಿಣ್ಣೆಯಲ್ಲಿ ಬಂದು ಹೋಗುತ್ತದೆಯೇ? ಇತ್ತೀಚೆಗೆ ಯಾರಾದರೂ ಟ್ಯಾಪೆಟ್ ಕವರ್ ಬಿಚ್ಚಿದ್ದರೇ? ನೀರಿನ ಜೋರಾದ ಧಾರೆಯಿಂದ ಎಂಜಿನ್ ತೊಳೆದಿದ್ದರೇ? ನಮ್ಮ ಭಾಗದಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಸುಗ್ಗಿ ಇಲ್ಲದ ತಿಂಗಳುಗಳಲ್ಲಿ ಗಾಡಿ ಎಲ್ಲಿ ನಿಂತಿತ್ತು? ಹೊಲದ ಬದಿಗೆ ನಿಂತ ಗಾಡಿಯ ವೈರಿಂಗ್ ಇಲಿಗಳಿಗೆ ಪ್ರಿಯ.

ಆಮೇಲೆ ಕಣ್ಣು. ಮೈಗೆ ಉಜ್ಜಿ ಸವೆದ ತಂತಿ, ಎರೆಮಣ್ಣಿನ ಧೂಳು ಕೂತ ಕಪ್ಲರ್, ಹಸಿರು ಕಿಲುಬು ಹಿಡಿದ ಪಿನ್ನು, ಹಿಂದಕ್ಕೆ ಸರಿದ ಪಿನ್ನು. ಬ್ಯಾಟರಿಯನ್ನೂ ನೋಡಬೇಕು. ಎಂಜಿನ್ ಓಡುವಾಗ ಅದು 27–28 ವೋಲ್ಟ್ ತೋರಿಸದಿದ್ದರೆ ಮೊದಲು ಅದನ್ನು ಸರಿಪಡಿಸದೆ ಮುಂದೆ ಹೋಗಬಾರದು.

ಮೂರನೆಯದು ಮೀಟರ್. ಇಲ್ಲಿ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಗೇಣುಗೇಣಾಗಿ ಅಳೆಯಬೇಕಿಲ್ಲ. ಹೊಲದ ಪೈಪ್‌ಲೈನಿನಲ್ಲಿ ನೀರು ಬಾರದಿದ್ದರೆ ರೈತರು ಏನು ಮಾಡುತ್ತಾರೆ? ನಡುವಿನ ವಾಲ್ವಿನ ಬಳಿ ಹೋಗಿ ನೋಡುತ್ತಾರೆ. ಅಲ್ಲಿಗೆ ನೀರು ಬಂದಿದ್ದರೆ ದೋಷ ಮುಂದಿದೆ, ಬಾರದಿದ್ದರೆ ಹಿಂದಿದೆ. ನಮ್ಮ ನಡುವಿನ ವಾಲ್ವು ಎಂದರೆ ಸಿಲಿಂಡರ್ ಹೆಡ್ಡಿನ ಕಪ್ಲರ್. ಕೀಲಿ ತೆಗೆದು, ಕೆಪಾಸಿಟರ್ ಖಾಲಿಯಾಗಲು ಸ್ವಲ್ಪ ಹೊತ್ತು ಬಿಟ್ಟು, ಆ ಕಪ್ಲರ್ ಬಿಚ್ಚಿ, ಒಳಮುಖವಾಗಿ ಒಂದನೆಯ ಇಂಜೆಕ್ಟರಿನ ರೋಧ ಅಳೆಯುತ್ತೇವೆ. ತೆರೆದ ದಾರಿ ತೋರಿಸಿದರೆ ದೋಷ ಕವರಿನ ಒಳಗೆ, ಸರಿಯಾಗಿದ್ದರೆ ಹೊರಗೆ.

ಈ ಅಳತೆಯಲ್ಲಿ ಒಂದು ಮೋಸವಿದೆ. ಮೀಟರಿನ ಎರಡು ಮೊನೆಗಳನ್ನು ಒಂದಕ್ಕೊಂದು ಮುಟ್ಟಿಸಿ ನೋಡಿ. ಸೊನ್ನೆ ಬರುವುದಿಲ್ಲ, 0.2, 0.3 ಎಂದು ಬರುತ್ತದೆ. ಅದು ಮೀಟರಿನ ತಂತಿಗಳದೇ ರೋಧ. ಅಳೆಯಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ! ಅದನ್ನು ಕಳೆಯದೆ ಬರೆದುಕೊಂಡರೆ ಒಳ್ಳೆಯ ಸುರುಳಿಯೂ ಕೆಟ್ಟದ್ದಾಗಿ ಕಾಣುತ್ತದೆ. ಅದಕ್ಕೇ ನಾನು ಹೇಳುವುದು, ಒಂದನ್ನು ಮಾತ್ರ ಅಳೆಯಬೇಡಿ, ಆರನ್ನೂ ಅಳೆಯಿರಿ. ಐದು ಒಂದೇ ತೆರನಾಗಿದ್ದು ಒಂದು ಬೇರೆಯಾಗಿದ್ದರೆ ಮಾತ್ರ ಅದರ ಮೇಲೆ ಅನುಮಾನ. ಜೊತೆಗೆ ಪ್ರತಿ ಪಿನ್ನಿನಿಂದ ಎಂಜಿನ್ನಿನ ಮೈಗೂ ಅಳೆಯಬೇಕು. ಅಲ್ಲಿ ಯಾವ ಸಂಪರ್ಕವೂ ಇರಬಾರದು. ಪೀಜೋ ಬಗೆಯ ಇಂಜೆಕ್ಟರಾದರೆ ಈ ಅಂಕಿಗಳೆಲ್ಲ ಬೇರೆ. ಆಯಾ ಎಂಜಿನ್ನಿನ ಕೈಪಿಡಿಯೇ ಪ್ರಮಾಣ.

ಮೀಟರೂ ಸುಳ್ಳು ಹೇಳುವ ಒಂದು ಸಂದರ್ಭವಿದೆ. ತಂತಿಯೊಳಗಿನ ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿದೆ ಎನ್ನಿ. ಮೀಟರ್ ಕಳುಹಿಸುವುದು ಕೆಲವೇ ಮಿಲಿಆಂಪಿಯರ್; ಅದಕ್ಕೆ ಒಂದು ಎಳೆ ಸಾಕು, ‘ಸರಿಯಿದೆ’ ಎನ್ನುತ್ತದೆ. ಆದರೆ 20 ಆಂಪಿಯರ್ ಆ ಎಳೆಯಲ್ಲಿ ಹೋಗಲಾರದು. ಇದಕ್ಕೆ ತಂತಿಯನ್ನು ದುಡಿಸಿ ನೋಡಬೇಕು. ಇಸಿಯು ಮತ್ತು ಇಂಜೆಕ್ಟರ್ ಎರಡೂ ಕಡೆ ಕಪ್ಲರ್ ಬಿಚ್ಚಿ, ಆ ತಂತಿಯ ಮೂಲಕ 24 ವೋಲ್ಟಿನ 70 ವಾಟ್ ಹೆಡ್‌ಲೈಟ್ ಬಲ್ಬೊಂದನ್ನು ಹತ್ತಿಸಿ. ಸುಮಾರು 3 ಆಂಪಿಯರ್ ಹರಿಯುತ್ತದೆ. ಆಗ ತಂತಿಯ ಎರಡು ತುದಿಗಳ ನಡುವಿನ ವೋಲ್ಟ್ ಅಳೆಯಿರಿ. ಒಂದು ವೋಲ್ಟ್ ಬಂದರೆ ಆ ತಂತಿಯ ರೋಧ ಓಮಿನ ಮೂರನೆಯ ಒಂದು ಭಾಗ. 20 ಆಂಪಿಯರಿನಲ್ಲಿ ಅದೇ ತಂತಿ ಸುಮಾರು 7 ವೋಲ್ಟನ್ನು ನುಂಗಿಬಿಡುತ್ತದೆ. ಹತ್ತು ನಿಮಿಷದ ಈ ಪರೀಕ್ಷೆ ಒಂದು ಇಂಜೆಕ್ಟರಿನ ದುಡ್ಡನ್ನು ಉಳಿಸಬಲ್ಲದು. ತಂತಿಯ ಹೊದಿಕೆಯನ್ನು ಸೂಜಿಯಿಂದ ಚುಚ್ಚಿ ಅಳೆಯುವವರಿದ್ದಾರೆ, ಅದು ಬೇಡ. ಆ ತೂತಿನಿಂದ ತೇವ ಇಳಿದು ಮುಂದಿನ ಮಳೆಗಾಲಕ್ಕೆ ಅಲ್ಲೇ ಕಿಲುಬು ಹಿಡಿಯುತ್ತದೆ.

ಮೂರು ಇಂಜೆಕ್ಟರುಗಳ ಸಂಖ್ಯೆ ಒಟ್ಟಿಗೇ ಬಂದರೆ? ಮೂರೂ ಒಂದೇ ಗಳಿಗೆಯಲ್ಲಿ ಸತ್ತವು ಎಂದು ನಂಬುವುದು ಕಷ್ಟ. ಆರು ಸಿಲಿಂಡರಿನ ಅನೇಕ ಎಂಜಿನ್ನುಗಳಲ್ಲಿ 1, 2, 3ಕ್ಕೆ ಸೇರಿ ಮೇಲಿನ ಕಡೆ ಒಂದು ಸ್ವಿಚ್. 4, 5, 6ಕ್ಕೆ ಇನ್ನೊಂದು. ಏಕೆ ಹಾಗೆ ಗುಂಪು ಮಾಡಿದ್ದಾರೆ? ಎಂಜಿನ್ ಉರಿಯುವ ಸರದಿ 1, 5, 3, 6, 2, 4. ಈಗ ಗುಂಪುಗಳನ್ನು ಇದರ ಮೇಲೆ ಇಟ್ಟು ನೋಡಿ. ಒಮ್ಮೆ ಮೊದಲ ಗುಂಪು, ಒಮ್ಮೆ ಎರಡನೆಯದು. ಯಾವ ಗುಂಪಿಗೂ ಸತತ ಎರಡು ಸಲ ದುಡಿಮೆ ಇಲ್ಲ. ಜಾಣತನದ ಏರ್ಪಾಡು. ಆದರೆ ಇದರಿಂದ ಗುಂಪಿನಲ್ಲಿ ಒಬ್ಬನ ತಂತಿ ಮೈಗೆ ತಾಗಿದರೆ ಇಸಿಯು ತನ್ನನ್ನು ಉಳಿಸಿಕೊಳ್ಳಲು ಇಡೀ ಗುಂಪನ್ನೇ ನಿಲ್ಲಿಸಬಹುದು. ಆಗ ಮಾಡಬೇಕಾದ್ದು ಇಷ್ಟೇ. ಕೀಲಿ ತೆಗೆದು ಒಂದು ಇಂಜೆಕ್ಟರಿನ ತಂತಿ ಬಿಡಿಸಿ, ಮತ್ತೆ ಚಾಲೂ ಮಾಡಿ ನೋಡುವುದು; ಹೀಗೆ ಒಂದೊಂದಾಗಿ. ಯಾವುದನ್ನು ಬಿಡಿಸಿದಾಗ ಉಳಿದೆರಡು ಜೀವ ಪಡೆಯುತ್ತವೋ ಅದರಲ್ಲಿಯೇ ದೋಷ.

ಅನುಮಾನ ಇಂಜೆಕ್ಟರಿನ ಮೇಲೆಯೇ ಉಳಿದರೆ ಅದನ್ನು ಪಕ್ಕದ ಸಿಲಿಂಡರಿನದರ ಜೊತೆ ಅದಲುಬದಲು ಮಾಡಬಹುದು. 651 ಹೋಗಿ 652 ಬಂದರೆ ದೋಷ ಇಂಜೆಕ್ಟರಿನ ಜೊತೆ ನಡೆದುಹೋಯಿತು ಎಂದರ್ಥ. 651 ಅಲ್ಲೇ ಉಳಿದರೆ ತಂತಿಯದೋ ಇಸಿಯುವಿನದೋ ತಪ್ಪು. ಆದರೆ ತಂತಿಗಳನ್ನು ಅದಲುಬದಲು ಮಾಡಬಾರದು, ಡೀಸೆಲ್ ತಪ್ಪು ಹೊತ್ತಿನಲ್ಲಿ ಒಳಗೆ ಬೀಳುತ್ತದೆ. ಅನೇಕ ಇಂಜೆಕ್ಟರುಗಳ ಮೇಲೆ ಅದರದೇ ಒಂದು ಗುರುತಿನ ಸಂಖ್ಯೆ ಕೊರೆದಿರುತ್ತದೆ. ಜಾಗ ಬದಲಿಸಿದರೆ ಅದನ್ನೂ ಸ್ಕ್ಯಾನರಿನಲ್ಲಿ ಹೊಸದಾಗಿ ತುಂಬಬೇಕು. ಇಸಿಯುವನ್ನು ದೂರುವುದು ಎಲ್ಲಕ್ಕೂ ಕೊನೆಗೆ.

ನಮ್ಮ ಕಬ್ಬಿನ ಲಾರಿಗೆ ಮರಳೋಣ. ಹೆಡ್ಡಿನ ಕಪ್ಲರಿನಲ್ಲಿ ಅಳೆದಾಗ ಐದು ಇಂಜೆಕ್ಟರುಗಳು 0.3 ತೋರಿಸಿದವು, ಒಂದನೆಯದು ತೆರೆದ ದಾರಿ. ಕವರ್ ಬಿಚ್ಚಿ ಇಂಜೆಕ್ಟರಿನ ತಲೆಯ ಮೇಲೆಯೇ ಮೀಟರ್ ಇಟ್ಟರೆ ಅದೂ 0.3. ಅಂದರೆ ಸುರುಳಿ ಗಟ್ಟಿಮುಟ್ಟಾಗಿದೆ. ಉಳಿದದ್ದು ನಡುವಿನ ಒಂದು ಗೇಣು ತಂತಿ. ನಟ್ಟಿನ ಕೆಳಗಿನ ಬಳೆಯಂಥ ತುದಿ ಅದುರಿ ಅದುರಿ ಬಿರುಕು ಬಿಟ್ಟಿದೆ. ತಣ್ಣಗಿದ್ದಾಗ ತಾಗುತ್ತದೆ, ಕಾದಾಗ ಬಿಡುತ್ತದೆ. ಒಳಗಿನ ವೈರಿಂಗ್ ಬದಲಿಸಿದರೆ ಕೆಲಸ ಮುಗಿಯಿತು. ಆ ಪುಟ್ಟ ನಟ್ಟನ್ನು ಕೈಪಿಡಿ ಹೇಳಿದಷ್ಟೇ ಬಿಗಿಯಬೇಕು. ಕೈಬಲ ತೋರಿಸುವ ಜಾಗ ಅದಲ್ಲ, ಸ್ಕ್ರೂ ಮುರಿದರೆ ಆಗ ನಿಜವಾಗಿಯೂ ಹೊಸ ಇಂಜೆಕ್ಟರೇ ಬೇಕಾದೀತು.

ಇನ್ನು ಸಂಖ್ಯೆಯನ್ನು ಅಳಿಸಿ, ಎಂಜಿನ್ ಪೂರ್ತಿ ಕಾಯುವವರೆಗೆ ಭಾರದೊಂದಿಗೆ ಓಡಿಸಿ, ಮತ್ತೊಮ್ಮೆ ಸ್ಕ್ಯಾನರ್ ಜೋಡಿಸಿ ನೋಡಬೇಕು. ಆರೂ ಇಂಜೆಕ್ಟರುಗಳ ಅಳತೆಯನ್ನು ತಾರೀಖಿನೊಂದಿಗೆ ಗಾಡಿಯ ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ಸುಗ್ಗಿಯಲ್ಲಿ ದೀಪ ಹತ್ತಿದಾಗ ಹೋಲಿಸಿ ನೋಡಲು ಬರುತ್ತದೆ.